ನಾಳೆಯ ಟಿಕ್ ಇವತ್ತೇ

ಅವತ್ತು ತಾರೀಖು 27. ಮೂರನೇ ನಂಬರ್ ಗಾಡಿಯ ಚೆಕ್‌ಲಿಸ್ಟ್ ರಿಜಿಸ್ಟರ್ ತೆಗೆದು ನೋಡಿದರೆ 30ರವರೆಗೂ ಟಿಕ್ ಬಿದ್ದಿತ್ತು. ಆಕ್ಸಿಜನ್ ಸಿಲಿಂಡರ್, ಸರಿ ಇದೆ. ಸಕ್ಷನ್ ಮೆಷಿನ್, ಸರಿ ಇದೆ. ಸ್ಟ್ರೆಚರ್ ಬೆಲ್ಟ್, ಸರಿ ಇದೆ. ಇನ್ನೂ ಬೆಳಗೇ ಆಗದ ಮೂರು ದಿನಗಳಲ್ಲೂ ನಮ್ಮ ಆಂಬುಲೆನ್ಸಿನಲ್ಲಿ ಎಲ್ಲ ಸರಿಯಾಗಿತ್ತು.

ಮೊದಲು ನಗು ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪುಟದ ಕೆಳಗೆ ಕಣ್ಣು ಹೋಯಿತು. ಅಲ್ಲಿ ವಾರಕ್ಕೊಮ್ಮೆ ಸೂಪರ್‌ವೈಸರ್ ಗಾಡಿ ನೋಡಿ ಸಹಿ ಹಾಕಬೇಕಾದ ನಾಲ್ಕು ಮನೆಗಳಿವೆ. ನಾಲ್ಕರಲ್ಲೂ ಸಹಿ ಇತ್ತು. ನಂದೇ ಸಹಿ.

ನಾನು ನರ್ಸಿಂಗ್ ಓದಿದವಳು. ಎಂಟು ವರ್ಷ ಆಂಬುಲೆನ್ಸಿನ ಹಿಂದುಗಡೆ ಕೂತು ದುಡಿದೆ. ಸ್ಟ್ರೆಚರ್ ಎತ್ತಿ ಎತ್ತಿ ಸೊಂಟ ಹೋದ ಮೇಲೆ ಆಫೀಸಿನ ಕುರ್ಚಿ ಸಿಕ್ಕಿತು. ಹನ್ನೊಂದು ಗಾಡಿಗಳಿರುವ ಒಂದು ಖಾಸಗಿ ಆಂಬುಲೆನ್ಸ್ ಸರ್ವಿಸ್ ನಮ್ಮದು. ಡ್ಯೂಟಿ ಚಾರ್ಟ್ ಹಾಕೋದು, ಸ್ಟಾಕ್ ನೋಡೋದು, ರಜೆ ಕೇಳಿ ಬಂದವರನ್ನು ಸಮಾಧಾನ ಮಾಡೋದು, ಬಿಲ್ಲಿನ ತಕರಾರು ಕೇಳೋದು ನನ್ನ ಕೆಲಸ. ನೇಮಕದ ಪತ್ರದಲ್ಲಿ ಕೊನೆಯ ಸಾಲಿನಲ್ಲಿ ‘ಸುರಕ್ಷತೆ ಇತ್ಯಾದಿ’ ಅಂತಲೂ ಇತ್ತು. ಐದು ವರ್ಷ ಆ ಸಾಲನ್ನು ನಾನೂ ‘ಇತ್ಯಾದಿ’ ಅಂತಲೇ ಓದಿಕೊಂಡಿದ್ದೆ.

ಆ ದಿನ ರಿಜಿಸ್ಟರ್ ತೆಗೆಯೋಕೆ ಕಾರಣ ಹಿಂದಿನ ರಾತ್ರಿಯ ಟ್ರಿಪ್.

ಒಂದು ಆಸ್ಪತ್ರೆಯಿಂದ ಇನ್ನೊಂದು ದೊಡ್ಡ ಆಸ್ಪತ್ರೆಗೆ ಪೇಷಂಟನ್ನು ಶಿಫ್ಟ್ ಮಾಡಬೇಕಿತ್ತು. ವಯಸ್ಸಾದವರು, ನ್ಯುಮೋನಿಯಾ. ಕೆಳಗೆ ಚೀಲ ಇರುವ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಕೊಡುತ್ತಿದ್ದರು. ದಾರಿ ಒಂದೂಕಾಲು ಗಂಟೆಯದು.

ಆಕ್ಸಿಜನ್ ಲೆಕ್ಕ ಕಷ್ಟದ್ದೇನಲ್ಲ. ಸಿಲಿಂಡರಿನಲ್ಲಿ ಎಷ್ಟು ನೀರು ಹಿಡಿಯುತ್ತದೆ ಅನ್ನುವ ಅಳತೆಯನ್ನು ಮೀಟರಿನ ಮುಳ್ಳು ತೋರಿಸುವ ಒತ್ತಡದ ಸಂಖ್ಯೆಯಿಂದ (ಬಾರ್ ಲೆಕ್ಕದಲ್ಲಿ) ಗುಣಿಸಿದರೆ ಆಯಿತು. ನಮ್ಮ ಗಾಡಿಯ ಸಿಲಿಂಡರ್ 10 ಲೀಟರಿನದು. ಮುಳ್ಳು 150ರಲ್ಲಿದ್ದರೆ ಒಳಗೆ ಸುಮಾರು 1500 ಲೀಟರ್ ಗ್ಯಾಸ್ ಇದೆ ಅಂತ. ನಿಮಿಷಕ್ಕೆ 15 ಲೀಟರ್ ಬಿಟ್ಟರೆ 100 ನಿಮಿಷ ಬರುತ್ತದೆ. ಅವತ್ತು ಮುಳ್ಳು ಇದ್ದದ್ದು 60ರಲ್ಲಿ. 600 ಲೀಟರ್, 40 ನಿಮಿಷ. ದಾರಿ 75 ನಿಮಿಷ.

ಟೆಕ್ನಿಷಿಯನ್ ಹುಡುಗ ಮುಳ್ಳು ನೋಡಿದ್ದ. ಆದರೆ ಪಕ್ಕದಲ್ಲೇ ಇನ್ನೊಂದು ಸಿಲಿಂಡರ್ ನಿಂತಿತ್ತು, ಅದರ ಕತ್ತಿಗೆ ‘ಫುಲ್’ ಅನ್ನುವ ಬಿಲ್ಲೆ ನೇತಾಡುತ್ತಿತ್ತು. ಸಾಕಲ್ಲ ಅಂದುಕೊಂಡು ಹೊರಟ. ಅವನ ಜಾಗದಲ್ಲಿ ನಾನಿದ್ದರೂ ಹೊರಡುತ್ತಿದ್ದೆ.

ಹೆಚ್ಚುಕಡಿಮೆ ಲೆಕ್ಕದ ಹೊತ್ತಿಗೇ ಮಾಸ್ಕಿನ ಚೀಲ ಉಬ್ಬೋದು ನಿಂತಿತು. ಈ ಕೆಲಸ ಮಾಡಿದವರಿಗೆ ಗೊತ್ತು, ಆ ಚೀಲ ಸುಕ್ಕಾಗಿ ಒಂದಕ್ಕೊಂದು ಅಂಟಿಕೊಳ್ಳೋದನ್ನು ನೋಡಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ. ಅವನು ಓಡುವ ಗಾಡಿಯಲ್ಲಿ ಮಂಡಿಯೂರಿ ರೆಗ್ಯುಲೇಟರ್ ಬಿಚ್ಚಿ ಎರಡನೇ ಸಿಲಿಂಡರಿಗೆ ಹಾಕಿದ. ವಾಲ್ವ್ ತಿರುಗಿಸಿದ. ಪುಸ್ ಅಂತ ಒಂದು ಚಿಕ್ಕ ಸದ್ದು. ಮುಳ್ಳು ಒಂಚೂರು ಅಲ್ಲಾಡಿ ಸೊನ್ನೆಗೆ ಬಂದು ಕೂತಿತು. ಬಿಲ್ಲೆ ಮಾತ್ರ ‘ಫುಲ್’ ಅಂತಲೇ ಹೇಳುತ್ತಿತ್ತು.

ಮೂರನೆಯದು ಕೈಯಲ್ಲಿ ಹಿಡಿದು ಓಡಾಡುವ ಚಿಕ್ಕ ಸಿಲಿಂಡರ್. ಅದು ನಿಜಕ್ಕೂ ತುಂಬಿತ್ತು. ಆದರೆ ಅದನ್ನು ತೆರೆಯುವ ಕೀ ಇರಲಿಲ್ಲ. ಕೀ ಕಳೆದುಹೋಗಬಾರದು ಅಂತ ಒಂದು ದಾರ ಕಟ್ಟಿದ್ದೆವು. ದಾರ ಇತ್ತು.

ಉಳಿದದ್ದು ಆಂಬು ಬ್ಯಾಗ್, ಕೈಯಿಂದ ಒತ್ತಿ ಉಸಿರು ಕೊಡುವ ಚೀಲ. ಆಕ್ಸಿಜನ್ ಸೇರಿಸದೆ ಅದನ್ನು ಒತ್ತಿದರೆ ಒಳಗೆ ಹೋಗೋದು ನಾವೂ ನೀವೂ ಉಸಿರಾಡುವ ಗಾಳಿಯೇ, 21 ಪರ್ಸೆಂಟ್. ಅಷ್ಟೇ ಸಾಕಾಗಿದ್ದರೆ ಅವರಿಗೆ ಆಂಬುಲೆನ್ಸೇ ಬೇಕಿರಲಿಲ್ಲ. ರಕ್ತದ ಆಕ್ಸಿಜನ್ ಅಳೆಯೋಕೆ ಬೆರಳಿಗೆ ಹಾಕಿದ ಮೆಷಿನ್ 93 ತೋರಿಸುತ್ತಿದ್ದದ್ದು 79ಕ್ಕೆ ಇಳಿಯಿತು. ಹುಡುಗ ಕಂಟ್ರೋಲ್ ರೂಮಿಗೆ ಫೋನ್ ಮಾಡಿದ. ಡ್ರೈವರ್ ದಾರಿಯಲ್ಲಿದ್ದ ಆಸ್ಪತ್ರೆಯೊಂದಕ್ಕೆ ಗಾಡಿ ತಿರುಗಿಸಿದ. ಒಂಬತ್ತು ನಿಮಿಷ. ಪೇಷಂಟ್ ಬದುಕಿದರು, ಎರಡು ವಾರದ ಒಳಗೆ ಮನೆಗೆ ಹೋದರು. ಅದು ಅವರ ಗಟ್ಟಿತನ. ನಮ್ಮದೇನಿಲ್ಲ.

ಬೆಳಗ್ಗೆ ಓನರ್‌ಗೆ ವಿಷಯ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ ಇವತ್ತಿಗೂ ಕಿವಿಯಲ್ಲಿದೆ. “ಪೇಷಂಟ್ ಕಡೆಯವರು ಏನಾದ್ರೂ ಅಂದ್ರೇನಮ್ಮ?”

ಏನೂ ಅಂದಿರಲಿಲ್ಲ. ಮಧ್ಯದಲ್ಲಿ ಒಂದು ಆಸ್ಪತ್ರೆಯಲ್ಲಿ ನಿಲ್ಲಿಸೋದು ನಮ್ಮ ಪ್ಲಾನಿನಲ್ಲೇ ಇತ್ತು ಅಂತ ಅವರು ತಿಳಿದಿದ್ದರು.

“ಸರಿ ಹಾಗಾದ್ರೆ. ಆ ಹುಡುಗನ ಲೆಕ್ಕ ಚುಕ್ತಾ ಮಾಡಿ ಕಳಿಸು.”

ನಮ್ಮ ಓನರ್ ಕೆಟ್ಟವರಲ್ಲ. ಒಂದೇ ಗಾಡಿ ಇದ್ದಾಗ ತಾವೇ ಓಡಿಸಿದವರು. ದುಡ್ಡಿಲ್ಲದವರನ್ನು ಎಷ್ಟೋ ಸಲ ಸುಮ್ನೆ ಬಿಟ್ಟುಬಂದಿದ್ದಾರೆ. ಆದರೆ ಒಂದು ಗಾಡಿ ಹನ್ನೊಂದಾಗುವ ಹೊತ್ತಿಗೆ ಗಾಡಿಯ ಹಿಂದಿನ ಬಾಗಿಲು ತೆಗೆದು ನೋಡುವ ಅಭ್ಯಾಸ ಅವರಿಗೆ ತಪ್ಪಿತ್ತು. ದಿನಾ ಬೆಳಗ್ಗೆ ಫೋನ್ ಮಾಡಿ ಎರಡೇ ವಿಷಯ ಕೇಳುತ್ತಿದ್ದರು: ಎಷ್ಟು ಟ್ರಿಪ್ ಆಯಿತು, ಎಷ್ಟು ಡೀಸೆಲ್ ಹೋಯಿತು. ಅವರು ಕೇಳಿದ್ದನ್ನು ನಾನು ಕಂಟ್ರೋಲ್ ರೂಮಿನವರನ್ನು ಕೇಳುತ್ತಿದ್ದೆ, ಅವರು ಡ್ರೈವರನ್ನು ಕೇಳುತ್ತಿದ್ದರು. ಮೇಲಿಂದ ಕೆಳಗಿನವರೆಗೆ ಒಂದೇ ಪ್ರಶ್ನೆ ಇಳಿಯುತ್ತಿತ್ತು. ಸಿಲಿಂಡರ್ ಬಗ್ಗೆ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ, ಟಿಕ್ ಇತ್ತಲ್ಲ.

ಹುಡುಗನನ್ನು ಕಳಿಸುವ ಮೊದಲು ಒಂದು ದಿನ ಕೊಡಿ ಸರ್ ಅಂದೆ. ರಿಜಿಸ್ಟರ್ ತೆಗೆದದ್ದು ಆಗ. ನನ್ನ ಸಹಿಯನ್ನು ನಾನೇ ನೋಡಿ ಸುಮ್ಮನಾದದ್ದೂ ಆಗ.

ಜೇಮ್ಸ್ ರೀಸನ್ ಅನ್ನುವ ಬ್ರಿಟಿಷ್ ಮನಶ್ಶಾಸ್ತ್ರಜ್ಞ ಅಪಘಾತಗಳ ಬಗ್ಗೆ ಹೇಳಿದ ಒಂದು ಮಾತನ್ನು ಟ್ರೇನಿಂಗಿನಲ್ಲಿ ಕೇಳಿದ್ದೆ. ಸಾಲಾಗಿ ನಿಲ್ಲಿಸಿದ ಚೀಸ್ ತುಂಡುಗಳಲ್ಲಿ ಒಂದೊಂದರಲ್ಲೂ ತೂತುಗಳಿರುತ್ತವೆ, ಎಲ್ಲ ತೂತುಗಳೂ ಒಂದೇ ಗೆರೆಗೆ ಬಂದ ದಿನ ಅನಾಹುತ ದಾಟಿ ಬರುತ್ತದೆ ಅಂತ. ಆ ಚಿತ್ರ ಎಲ್ಲರಿಗೂ ನೆನಪಿರುತ್ತದೆ. ನನಗೆ ಅವತ್ತು ನೆನಪಾದದ್ದು ಅದರ ಜೊತೆಗಿನ ಇನ್ನೊಂದು ಮಾತು. ಕೆಲವು ತಪ್ಪು ಕೊನೆಯಲ್ಲಿ ನಿಂತವನ ಕೈಯಲ್ಲಿ ಆಗುತ್ತವೆ. ಕೆಲವು ಎಷ್ಟೋ ದಿನ ಮೊದಲೇ ಆಫೀಸಿನಲ್ಲಿ ಆಗಿಹೋಗಿ ಯಾರಿಗೂ ಕಾಣದ ಹಾಗೆ ಕಾಯುತ್ತಿರುತ್ತವೆ. ಅಲ್ಪ ಗ್ಯಾಸಿನ ಸಿಲಿಂಡರ್, ಖಾಲಿ ಸಿಲಿಂಡರ್, ಇಲ್ಲದ ಕೀ: ಈ ಮೂರು ತೂತು ಹುಡುಗನ ಲೆಕ್ಕಕ್ಕೆ ಅಂತಲೇ ಇಟ್ಟುಕೊಳ್ಳಿ. ನೋಡದೆ ಹಾಕಿದ ನಾಲ್ಕು ಸಹಿ ಯಾರ ಲೆಕ್ಕಕ್ಕೆ?

ಹುಡುಗನನ್ನು ಕೂರಿಸಿಕೊಂಡು ಕೇಳಿದೆ, ಮೂರು ದಿನದ ಟಿಕ್ ಮೊದಲೇ ಯಾಕೆ ಹಾಕಿದೆ ಅಂತ. ತಲೆ ತಗ್ಗಿಸಿಕೊಂಡಿದ್ದ. ಕೊನೆಗೆ, “ಅಕ್ಕ, ನೀವೇ ಒಂದ್ಸಲ ಪೂರ್ತಿ ಚೆಕ್ ಮಾಡಿ ನೋಡಿ” ಅಂದ. ಉದ್ಧಟತನ ಅನ್ನಿಸಿತು. ಆದರೂ ಮಾಡಿದೆ. ಮೊಬೈಲಿನಲ್ಲಿ ಗಡಿಯಾರ ಓಡಿಸಿಕೊಂಡು ಪಟ್ಟಿಯ 64 ಸಾಲನ್ನೂ ಪ್ರಾಮಾಣಿಕವಾಗಿ ನೋಡಿದೆ. ಸಿಲಿಂಡರ್ ತೆರೆದು ಮುಳ್ಳು ನೋಡಿ, ಗಂಟಲಿನ ಕಫ, ವಾಂತಿ ಎಳೆಯುವ ಸಕ್ಷನ್ ಆನ್ ಮಾಡಿ ಪೈಪನ್ನು ಹೆಬ್ಬೆರಳಿನಿಂದ ಮುಚ್ಚಿ ಎಳೆತ ಪರೀಕ್ಷಿಸಿ, ಔಷಧಿಗಳ ತಾರೀಖು ಒಂದೊಂದಾಗಿ ಓದಿ, ಹೃದಯಕ್ಕೆ ಶಾಕ್ ಕೊಡುವ ಡೀಫಿಬ್ರಿಲೇಟರ್ ಪ್ಯಾಡಿನ ಕವರ್ ಹರಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಮುಗಿಸುವಾಗ 38 ನಿಮಿಷ ಆಗಿತ್ತು. ಶಿಫ್ಟ್ ಬದಲಾವಣೆಗೆ ನಾವು ಕೊಟ್ಟದ್ದು ಹತ್ತು ನಿಮಿಷ. ಅದರಲ್ಲೂ ಮೊದಲ ಟ್ರಿಪ್ಪಿನ ಫೋನ್ ಆಗಲೇ ಬಂದಿರುತ್ತದೆ. ಆ ಡ್ಯೂಟಿ ಚಾರ್ಟ್ ಹಾಕಿದವಳೂ ನಾನೇ.

ಇನ್ನೊಂದು ವಿಷಯ. ಪಟ್ಟಿಯ 52ನೇ ಸಾಲು ‘ಇನ್‌ಕ್ಯುಬೇಟರ್’, ಹಸುಗೂಸನ್ನು ಬೆಚ್ಚಗಿಡುವ ಪೆಟ್ಟಿಗೆ. ಮೂರನೇ ಗಾಡಿಯಲ್ಲಿ ಇನ್‌ಕ್ಯುಬೇಟರ್ ಇಲ್ಲ. ನಮ್ಮ ಹನ್ನೊಂದು ಗಾಡಿಯಲ್ಲಿ ಒಂದರಲ್ಲೂ ಇಲ್ಲ. ಯಾವುದೋ ದೊಡ್ಡ ಆಸ್ಪತ್ರೆಯ ಪಟ್ಟಿಯನ್ನು ಯಾರೋ ಕಾಪಿ ಹೊಡೆದು ಪ್ರಿಂಟ್ ಹಾಕಿಸಿದ್ದರು. ಎರಡು ವರ್ಷದಿಂದ ಹನ್ನೊಂದು ಗಾಡಿಯವರೂ ದಿನಕ್ಕೆ ಎರಡು ಸಲ, ಇಲ್ಲದ ಇನ್‌ಕ್ಯುಬೇಟರ್ ಸರಿ ಇದೆ ಅಂತ ಬರೆದುಕೊಟ್ಟಿದ್ದರು. ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಚೆಕ್‌ಲಿಸ್ಟ್ ಅನ್ನುವ ಪದ್ಧತಿಯ ಕಥೆ ನೋಡಿದರೆ ನಮ್ಮ ಅವಸ್ಥೆಗೆ ಇನ್ನೂ ನಾಚಿಕೆಯಾಗುತ್ತದೆ. 1935ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ವಿಮಾನ ಪರೀಕ್ಷೆಯ ಹಾರಾಟದಲ್ಲಿ ಬಿದ್ದುಹೋಯಿತು. ವಿಮಾನದಲ್ಲಿ ಏನೂ ಕೆಟ್ಟಿರಲಿಲ್ಲ. ನಿಲ್ಲಿಸಿದ್ದಾಗ ಬಾಲದ ತಿರುಗುವ ಭಾಗಗಳು ಗಾಳಿಗೆ ಅಲ್ಲಾಡದಿರಲಿ ಅಂತ ಹಾಕುವ ಲಾಕನ್ನು ಬಿಚ್ಚೋದು ಮರೆತಿತ್ತು. ನಡೆಸುತ್ತಿದ್ದವರು ಬಹಳ ಅನುಭವ ಇದ್ದ ಪೈಲಟ್‌ಗಳು. ಆಮೇಲೆ ಪೈಲಟ್‌ಗಳು ಕೂತು ಪಟ್ಟಿ ಮಾಡಿಕೊಂಡರು. ವಿಮಾನ ಹಾರಿಸುವವರೇ ತಮಗೋಸ್ಕರ ಮಾಡಿಕೊಂಡ ಪಟ್ಟಿ, ಮರೆತರೆ ಪ್ರಾಣ ಹೋಗುವಂಥವನ್ನು ಬರೆದುಕೊಂಡದ್ದು. ನಮ್ಮದು ಗಾಡಿಯನ್ನೇ ನೋಡದವರು ಕೊಟ್ಟ ಪಟ್ಟಿ.

ಹಾಗಾಗಿ ಮೊದಲು ಮಾಡಿದ ಕೆಲಸ ಅದನ್ನು ಹರಿದದ್ದು. ಇಬ್ಬರು ಟೆಕ್ನಿಷಿಯನ್, ಒಬ್ಬ ಹಿರಿಯ ಡ್ರೈವರ್, ನಾನು, ಮತ್ತೆ ಆ ಹುಡುಗ (ಅವನು ಇನ್ನೂ ಕೆಲಸದಲ್ಲಿದ್ದಾನೆ) ಕೂತು ಎರಡು ಪಟ್ಟಿ ಮಾಡಿದೆವು. ಶಿಫ್ಟ್ ಶುರುವಿನಲ್ಲಿ ನೋಡಲೇಬೇಕಾದದ್ದು 14 ಸಾಲು. ಉಳಿದದ್ದು ವಾರಕ್ಕೊಮ್ಮೆ. ಟಿಕ್ ಹಾಕುವ ಜಾಗವನ್ನೇ ಕಮ್ಮಿ ಮಾಡಿದೆವು. ಸಿಲಿಂಡರ್ ಸಾಲಿನಲ್ಲಿ ಮುಳ್ಳು ಎಷ್ಟರಲ್ಲಿದೆ ಅಂತ ಸಂಖ್ಯೆ ಬರೆಯಬೇಕು. ನಾಳೆಯ ಟಿಕ್ ಇವತ್ತು ಹಾಕೋದು ಸುಲಭ, ನಾಳೆಯ ಸಂಖ್ಯೆ ಬರೆಯೋಕೆ ಸ್ವಲ್ಪ ಧೈರ್ಯ ಬೇಕು. ಶಿಫ್ಟ್ ಬದಲಾವಣೆಗೆ 20 ನಿಮಿಷ. ಆ 20 ನಿಮಿಷ ಕಂಟ್ರೋಲ್ ರೂಮಿನ ಪರದೆಯಲ್ಲಿ ಗಾಡಿ ‘ಇಲ್ಲ’ ಅಂತ ತೋರಿಸಬೇಕು.

ಓನರ್‌ಗೆ ಈ ಕೊನೆಯದು ಹಿಡಿಸಲಿಲ್ಲ. ಹನ್ನೊಂದು ಗಾಡಿ, ದಿನಕ್ಕೆ ಎರಡು ಸಲ, 20 ನಿಮಿಷ, ಅಂದರೆ ಏಳು ಗಂಟೆಗಿಂತ ಜಾಸ್ತಿ ಅಂತ ಅಲ್ಲೇ ಬಾಯಿಲೆಕ್ಕ ಹಾಕಿದರು. ಲೆಕ್ಕ ಸರಿಯಾಗೇ ಇತ್ತು.

ಅವರನ್ನು ಒಪ್ಪಿಸಿದ್ದು ನನ್ನ ಮಾತಲ್ಲ, ಒಂದು ಸಾಮಾನ್ಯ ಸವಾರಿ. ಪೇಷಂಟ್ ಇಲ್ಲದ ಗಾಡಿಯಲ್ಲಿ ಹಿಂದುಗಡೆ ನನ್ನ ಜೊತೆ ಒಂದು ಸುತ್ತು ಬನ್ನಿ ಸರ್ ಅಂತ ಕರೆದೆ. ಎಷ್ಟೋ ವರ್ಷದ ಮೇಲೆ ಅವರು ಹಿಂದೆ ಹತ್ತಿದ್ದು. ಸೈಡ್ ಸೀಟಿನಲ್ಲಿ ಕೂತರು, ಬೆಲ್ಟ್ ಹಾಕಿಸಿದೆ. “ಈಗ ಪೇಷಂಟ್ ವಾಂತಿ ಮಾಡ್ತಿದ್ದಾರೆ ಅಂದ್ಕೊಳ್ಳಿ, ಸಕ್ಷನ್ ತಗೊಳ್ಳಿ” ಅಂದೆ. ಕೈ ಚಾಚಿದರು, ಎಟುಕಲಿಲ್ಲ. ಇನ್ನೂ ಚಾಚಿದರು, ಬೆಲ್ಟ್ ಹಿಡಿದು ಎಳೆಯಿತು. ತಾನಾಗಿ ಅವರ ಇನ್ನೊಂದು ಕೈ ಬೆಲ್ಟಿನ ಗುಂಡಿ ಒತ್ತಿತು. ಎದ್ದು ನಿಂತರು. ಅದೇ ಹೊತ್ತಿಗೆ ಮುಂದೆ ಯಾವುದೋ ಬೈಕ್ ಅಡ್ಡ ಬಂದು ಡ್ರೈವರ್ ಬ್ರೇಕ್ ಒತ್ತಿದ. ಜೋರಾಗೇನೂ ಅಲ್ಲ. ಓನರ್ ಹೋಗಿ ಸ್ಟ್ರೆಚರಿನ ಕಂಬಿಗೆ ಮೊಣಕೈ ಹೊಡೆದುಕೊಂಡರು. ಶರ್ಟಿನ ತೋಳು ಹರಿಯಿತು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯವರು ಆಂಬುಲೆನ್ಸ್ ಅಪಘಾತಗಳನ್ನು ತನಿಖೆ ಮಾಡಿದಾಗ ಹಿಂದುಗಡೆ ಇದ್ದ ಸಿಬ್ಬಂದಿಯಲ್ಲಿ ನೂರಕ್ಕೆ 84 ಜನ ಬೆಲ್ಟ್ ಹಾಕಿರಲಿಲ್ಲ. ಇದನ್ನು ಓದಿದಾಗ ಕೆಲವರು ‘ಹುಡುಗರಿಗೆ ಶಿಸ್ತಿಲ್ಲ’ ಅನ್ನುತ್ತಾರೆ. ಓನರ್ ಆವತ್ತಿನಿಂದ ಹಾಗೆ ಅನ್ನೋದಿಲ್ಲ. ಬೆಲ್ಟ್ ಹಾಕಿಕೊಂಡು ಕೆಲಸ ಮಾಡೋಕೆ ಆಗದ ಹಾಗೆ ಗಾಡಿ ಕಟ್ಟಿಸಿ, ಬೆಲ್ಟ್ ಹಾಕಿಲ್ಲ ಅಂತ ಬೈಯೋದು ಯಾವ ನ್ಯಾಯ, ಅಲ್ವಾ? ಸಕ್ಷನ್, ಆಂಬು ಬ್ಯಾಗ್, ಗ್ಲೌಸ್ ಮೂರನ್ನೂ ಸೀಟಿನಿಂದ ಕೈಗೆಟುಕುವ ಕಡೆ ಹಾಕಿಸಿದೆವು. ಫ್ಯಾಬ್ರಿಕೇಟರ್ ಹತ್ತಿರ ಒಂದೊಂದು ಗಾಡಿಗೆ ಅರ್ಧ ದಿನದ ಕೆಲಸ. ಪೇಷಂಟಿಗೆ ಕಾಲಿನ, ಸೊಂಟದ ಬೆಲ್ಟಿನ ಜೊತೆ ಭುಜದ ಬೆಲ್ಟೂ ಹಾಕಲೇಬೇಕು ಅಂತಾಯಿತು. ಅದು ಎಲ್ಲ ಸ್ಟ್ರೆಚರಿನಲ್ಲೂ ಇತ್ತು. ಮಡಚಿ ಹಾಸಿಗೆಯ ಕೆಳಗೆ ತುರುಕಿದ್ದರು.

ನಿದ್ದೆಯ ವಿಷಯ ಇದಕ್ಕಿಂತ ಕಷ್ಟ. 1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವ ಇಬ್ಬರು ಸಂಶೋಧಕರು ತೋರಿಸಿದ್ದರು: ಒಂದೇ ಸಮ 17 ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ಹಿಡಿತ, ರಕ್ತದಲ್ಲಿ 0.05 ಪರ್ಸೆಂಟ್ ಆಲ್ಕೋಹಾಲ್ ಇರುವವನಷ್ಟೇ ಸಡಿಲವಾಗಿರುತ್ತದೆ. ಕುಡಿದ ಡ್ರೈವರನ್ನು ನಾವು ಗಾಡಿ ಹತ್ತಿರವೂ ಬಿಡಲ್ಲ. ಆದರೆ ಡಬಲ್ ಡ್ಯೂಟಿ ಮಾಡಿದವನಿಗೆ ಶಭಾಷ್ ಅನ್ನುತ್ತೇವೆ. ನಮ್ಮಲ್ಲಿ ಒಬ್ಬ ಡ್ರೈವರ್ ಹಗಲು ಬೇರೆ ಕಡೆ ಗಾಡಿ ಓಡಿಸಿ ರಾತ್ರಿ ನಮ್ಮಲ್ಲಿಗೆ ಬರುತ್ತಿದ್ದ. ಎಲ್ಲರಿಗೂ ಗೊತ್ತಿತ್ತು, ನನಗೂ. ಮಕ್ಕಳ ಫೀಸು, ಪಾಪ ಅಂತ ಸುಮ್ಮನಿದ್ದೆವು. ಈಗ ಎರಡು ಡ್ಯೂಟಿಯ ನಡುವೆ ಹತ್ತು ಗಂಟೆ ಬಿಡುವು ಅಂತ ನಿಯಮ ಇದೆ. ಆ ಬಿಡುವಿನಲ್ಲಿ ಅವನು ಎಲ್ಲಿರುತ್ತಾನೆ ಅಂತ ನಾನು ಹೇಗೆ ನೋಡಲಿ? ಕಂಟ್ರೋಲ್ ರೂಮಿನವರು ಡ್ಯೂಟಿ ಕೊಡುವಾಗ “ನಿದ್ದೆ ಆಗಿದ್ಯಾ?” ಅಂತ ಕೇಳುತ್ತಾರೆ, ಆಗಿಲ್ಲ ಅಂದವನಿಗೆ ಸಂಬಳ ಕಟ್ ಮಾಡಲ್ಲ. ಇಷ್ಟು ದಿನದಲ್ಲಿ ‘ಆಗಿಲ್ಲ’ ಅಂದವರು ಇಬ್ಬರೇ. ನಿಜ ಹೇಳಿದವರು ಇಬ್ಬರು ಅಂತ ಓದಿಕೊಳ್ಳುತ್ತೇನೆ.

ಔಷಧಿ ಪೆಟ್ಟಿಗೆಯದ್ದೂ ಒಂದು ಮಾತು. ಮಾರ್ಫಿನ್ ಥರದ, ನೋವು ಇಳಿಸುವ ಆದರೆ ಚಟವೂ ಹತ್ತಿಸುವ ಇಂಜೆಕ್ಷನ್ ತೆಗೆದರೆ ಇಬ್ಬರ ಸಹಿ ಬೇಕು. ಪುಸ್ತಕದಲ್ಲಿ ಇಬ್ಬರ ಸಹಿಯೂ ಇತ್ತು. ಎರಡೂ ಒಂದೇ ಕೈಬರಹ. ಅರ್ಧ ಬಳಸಿದ ಆಂಪ್ಯೂಲಿನ (ಇಂಜೆಕ್ಷನ್ ಔಷಧಿಯ ಚಿಕ್ಕ ಗಾಜಿನ ಸೀಸೆ) ಉಳಿದರ್ಧ ಎಲ್ಲಿ ಹೋಯಿತು ಅನ್ನುವ ಅಂಕಣವೇ ಇರಲಿಲ್ಲ. ಕಳ್ಳತನ ಆಗಿತ್ತು ಅಂತ ನಾನು ಹೇಳುತ್ತಿಲ್ಲ. ಆಗಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಜಾಸ್ತಿ ಜಗಳ ಆದದ್ದು ಒಂದು ಫೋನ್ ಕರೆಯ ಬಗ್ಗೆ. ಆ ಪೇಷಂಟಿನ ಮಗನಿಗೆ ನಡೆದದ್ದನ್ನು ಹೇಳಬೇಕು ಅಂತ ನಾನು. ಮಲಗಿದ ನಾಯಿಯನ್ನು ಒದ್ದು ಎಬ್ಬಿಸೋದು ಯಾಕೆ ಅಂತ ಓನರ್. ವಕೀಲರನ್ನು ಕೇಳೋಣ ಅಂತ ಅಕೌಂಟೆಂಟ್. ಇಂಗ್ಲೆಂಡಿನಲ್ಲಿ 2014-15ರಲ್ಲಿ ಇದನ್ನು ಕಾನೂನೇ ಮಾಡಿದರು. ಆರೈಕೆಯಲ್ಲಿ ಎಡವಟ್ಟಾಗಿ ಪೇಷಂಟಿಗೆ ದೊಡ್ಡ ತೊಂದರೆ ಆದರೆ, ಆ ಸೇವೆ ಕೊಟ್ಟವರು ನಡೆದದ್ದನ್ನು ಅವರಿಗೆ ಹೇಳಲೇಬೇಕು, ಕ್ಷಮೆ ಕೇಳಲೇಬೇಕು. ಖಾಸಗಿಯವರಿಗೂ ಅದು ಅನ್ವಯಿಸುತ್ತದೆ. ನಮ್ಮ ಮೇಲೆ ಅಂಥ ಒತ್ತಾಯ ಯಾರದ್ದೂ ಇರಲಿಲ್ಲ. ನಾನು ಕಾನೂನಿನ ಮಾತು ಆಡಲೂ ಇಲ್ಲ. “ಸರ್, ಅವರು ನಿಮ್ಮ ತಂದೆ ಆಗಿದ್ರೆ?” ಅಂತ ಕೇಳಿದೆ. ಹಳೇ ಅಸ್ತ್ರ, ಗೊತ್ತು. ಆದರೂ ಬಿಟ್ಟೆ. ನೀನೇ ಮಾಡು ಅಂದರು.

ಐದು ನಿಮಿಷ ಫೋನ್ ಕೈಯಲ್ಲಿ ಹಿಡಿದು ಕೂತಿದ್ದೆ. ಮಾಡಿದೆ. ಮೂರು ಸಿಲಿಂಡರಿನ ಕಥೆ ಹೇಳಿದೆ. ತಪ್ಪು ನಮ್ಮದು, ಕ್ಷಮಿಸಿ ಅಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಕಟ್ ಆಯಿತೇನೋ ಅಂತ ಮೊಬೈಲ್ ನೋಡಿದೆ, ಆಗಿರಲಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ: “ಈಗ ಆ ಗಾಡಿ ಎಲ್ಲಿದೆ? ಯಾರಾದ್ರೂ ಪೇಷಂಟ್ ಇದ್ದಾರಾ ಅದ್ರಲ್ಲಿ?”

ಇದ್ದರು. ಆ ಗಾಡಿ ಟ್ರಿಪ್ಪಿನಲ್ಲಿತ್ತು. ಸಿಲಿಂಡರ್ ಬದಲಾಯಿಸಿದ್ದೇವೆ ಅಂದೆ. ಫೋನಿಟ್ಟ ಮೇಲೆ ಕೀ ನೆನಪಾಗಿ ಕಂಟ್ರೋಲ್ ರೂಮಿಗೆ ಓಡಿದೆ. ಕೀ ಇನ್ನೂ ಹಾಕಿರಲಿಲ್ಲ.

ಅವತ್ತಿನಿಂದ ಒಂದು ಪುಸ್ತಕ ಇಟ್ಟಿದ್ದೇವೆ. ‘ಆಗೋದ್ರಲ್ಲಿತ್ತು’ ಅಂತ ಹೆಸರು, ಹುಡುಗರೇ ಇಟ್ಟದ್ದು. ಅನಾಹುತ ಆಗದೆ ತಪ್ಪಿಹೋದದ್ದನ್ನು ಅದರಲ್ಲಿ ಬರೆಯಬೇಕು. ಹೆಸರು ಹಾಕಬೇಕಿಲ್ಲ. ಮೊದಲ ತಿಂಗಳು ಬಂದದ್ದು ಒಂದೇ ಬರಹ, ಅದೂ ನನ್ನ ಫೋನಿನ ರಿಂಗ್‌ಟೋನ್ ಬಗ್ಗೆ ದೂರು. ಎರಡನೇ ತಿಂಗಳು ನಾನೇ ನನ್ನ ನಾಲ್ಕು ಸಹಿಯ ಕಥೆಯನ್ನು ಹೆಸರು ಹಾಕಿ ಬರೆದೆ. ಮೂರನೇ ತಿಂಗಳು 17 ಬಂದವು. ಸ್ಟ್ರೆಚರಿನ ಚಕ್ರದ ಲಾಕ್ ಕೂರುತ್ತಿಲ್ಲ. ಎರಡು ಬೇರೆ ಬೇರೆ ಔಷಧಿಯ ಆಂಪ್ಯೂಲ್ ನೋಡೋಕೆ ಒಂದೇ ಥರ ಇವೆ, ಅಕ್ಕಪಕ್ಕ ಇಟ್ಟಿದ್ದೀರಿ. ಒಬ್ಬ ಡ್ರೈವರ್ ಬರೆದದ್ದು: ‘ಪೇಷಂಟ್ ಬಿಟ್ಟು ಖಾಲಿ ಬರುವಾಗ ಸೈರನ್ ಹಾಕಿದೆ. ಬೇಗ ಮನೆಗೆ ಹೋಗಬೇಕಿತ್ತು. ಒಂದು ಆಟೋಗೆ ತಾಗೋದ್ರಲ್ಲಿತ್ತು.’ ಓನರ್ ಗಾಬರಿಯಾದರು. “ಒಂದಿದ್ದದ್ದು ಹದಿನೇಳಾಯ್ತಲ್ಲಮ್ಮ, ಏನ್ ನಡೀತಿದೆ ನಮ್ಮಲ್ಲಿ?” ನಡೆಯುತ್ತಿದ್ದದ್ದೇ ನಡೆಯುತ್ತಿದೆ ಸರ್, ಈಗ ನಮ್ಮ ಕಿವಿಗೆ ಬೀಳುತ್ತಿದೆ ಅಷ್ಟೇ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆ ಆದಂತೆ ಕಾಣಲಿಲ್ಲ. ಆದರೆ ಆಟೋ ಕಥೆ ಬರೆದವನು ಯಾರು ಅಂತ ಅವರು ಕೇಳಲಿಲ್ಲ. ಕೈಬರಹ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ಹೊರಗಿನವರು ಬಂದು ತಪಾಸಣೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರಿದ್ದಾರೆ. ತಪಾಸಣೆ ಬೇಕು, ಬೇಡ ಅನ್ನಲ್ಲ. ಇಂಗ್ಲೆಂಡಿನ ಕೇರ್ ಕ್ವಾಲಿಟಿ ಕಮಿಷನ್ ಖಾಸಗಿ ಆಂಬುಲೆನ್ಸ್‌ಗಳನ್ನೂ ಐದು ಪ್ರಶ್ನೆ ಇಟ್ಟುಕೊಂಡು ನೋಡುತ್ತದೆ, ವರದಿಯನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತದೆ. ಸುರಕ್ಷಿತವಾಗಿದೆಯಾ ಅನ್ನೋದು ಮೊದಲನೆಯದು. ಚೆನ್ನಾಗಿ ಮುನ್ನಡೆಸುತ್ತಿದ್ದಾರಾ ಅನ್ನೋದು ಕೊನೆಯದು. ನನ್ನನ್ನು ಕೇಳಿದರೆ ಕೊನೆಯದನ್ನು ಮೊದಲು ಕೇಳಬೇಕು. ಆದರೆ ತಪಾಸಣೆಯವರು ಬರುವ ದಿನ ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಅಂತ ನಾನು ಕಂಡಿದ್ದೇನೆ. ಹಿಂದೆ ನಾನಿದ್ದ ಒಂದು ಸರ್ವಿಸಿನಲ್ಲಿ ಒಳ್ಳೆಯ ಸಿಲಿಂಡರ್, ಹೊಸ ಪ್ಯಾಡ್ ಎಲ್ಲ ಒಂದೇ ಗಾಡಿಗೆ ತುಂಬಿ ಅದನ್ನು ಬಾಗಿಲ ಎದುರಿಗೆ ನಿಲ್ಲಿಸುತ್ತಿದ್ದರು. ಉಳಿದವು ‘ಟ್ರಿಪ್ಪಿಗೆ ಹೋಗಿವೆ’.

ಓನರ್ ಈಗ ವಾರಕ್ಕೆ ಒಂದು ಸಲ, ಯಾವತ್ತು ಅಂತ ಹೇಳದೆ, ಬೆಳಗಿನ ಶಿಫ್ಟ್ ಬದಲಾವಣೆಗೆ ಬರುತ್ತಾರೆ. ಬೈಯೋದಿಲ್ಲ. ಯಾವುದಾದರೂ ಒಂದು ಗಾಡಿಯ ಹಿಂದೆ ಹತ್ತಿ, ಇವತ್ತು ಇದರಲ್ಲಿ ಏನು ಕೆಟ್ಟಿದೆ ಅಂತ ಕೇಳುತ್ತಾರೆ. ಏನೂ ಕೆಟ್ಟಿಲ್ಲ ಸರ್ ಅಂದರೆ ನಂಬೋದಿಲ್ಲ, ಇನ್ನೊಂದು ಸಲ ನೋಡು ಅನ್ನುತ್ತಾರೆ. ಹೋದ ತಿಂಗಳು ಎರಡು ವಾರ ಬರಲಿಲ್ಲ. ವ್ಯವಹಾರ ಡಲ್ ಇತ್ತು, ಫೋನಿನಲ್ಲಿ ಮತ್ತೆ ಟ್ರಿಪ್ ಲೆಕ್ಕ, ಡೀಸೆಲ್ ಲೆಕ್ಕ. ನಾನು ನೆನಪಿಸಿದೆ. ಬಂದರು.

ನಿನ್ನೆ ಸಂಜೆ ಏಳನೇ ಗಾಡಿಯ ರಿಜಿಸ್ಟರ್ ತಿರುವಿ ಹಾಕುತ್ತಿದ್ದೆ. ಆಕ್ಸಿಜನ್ ಸಾಲಿನಲ್ಲಿ ಸೋಮವಾರ 120, ಮಂಗಳವಾರ 120, ಬುಧವಾರ 120. ಒಂದೇ ಇಂಕು, ಒಂದೇ ಓರೆ. ಟ್ರಿಪ್ ಪುಸ್ತಕ ನೋಡಿದರೆ ಮಂಗಳವಾರ ಆ ಗಾಡಿ ಆಕ್ಸಿಜನ್ ಪೇಷಂಟ್ ಒಬ್ಬರನ್ನು ಕರೆದುಕೊಂಡು ಹೋಗಿದೆ. ಹೊಸ ಹುಡುಗ, ಸೇರಿ ಎರಡು ತಿಂಗಳು. ಆ ಮೂರು ದಿನ ಶಿಫ್ಟ್ ಬದಲಾವಣೆಗೆ ನಿಜಕ್ಕೂ 20 ನಿಮಿಷ ಸಿಕ್ಕಿತ್ತಾ ಅಂತ ಕಂಟ್ರೋಲ್ ರೂಮಿನ ಟೈಮ್ ತೆಗೆಸಿದ್ದೇನೆ: ಎಂಟು, ಹನ್ನೊಂದು, ಒಂಬತ್ತು. ಇವತ್ತು ರಾತ್ರಿ ಅವನು ಡ್ಯೂಟಿಗೆ ಬರುವ ಹೊತ್ತಿಗೆ ಹೋಗಿ ಅವನ ಜೊತೆ ಗಾಡಿ ಹತ್ತಬೇಕು. ಅದಕ್ಕೂ ಮೊದಲು ಕಂಟ್ರೋಲ್ ರೂಮಿಗೆ ಹೋಗಬೇಕು.